ಹಿಮಕ್ಕಿಂತ ಮೊದಲು ಕತ್ತಲೆ ಬರುತ್ತದೆ: ಹೊಸದಾಗಿ ಬಂದ ಕನ್ನಡಿಗರಿಗೆ ಬ್ರಿಟನ್ನಿನ ಚಳಿಗಾಲ

ಬ್ರಿಟನ್ನಿಗೆ ಹೊರಟವರು ಊರಿನಲ್ಲೇ ದಪ್ಪ ಜಾಕೆಟ್ ಕೊಂಡು ಪೆಟ್ಟಿಗೆಯ ಅರ್ಧ ಜಾಗವನ್ನು ಅದಕ್ಕೇ ಕೊಟ್ಟುಬಿಡುತ್ತಾರೆ. ಎಲ್ಲರ ಕಣ್ಣ ಮುಂದೆ ಇರುವುದು ಹಿಮದ ಚಿತ್ರ. ಬಂದ ಮೇಲೆ ನವೆಂಬರ್ ಕಳೆಯುತ್ತದೆ, ಡಿಸೆಂಬರ್ ಅರ್ಧವಾಗುತ್ತದೆ, ಹಿಮದ ಸುಳಿವೇ ಇರುವುದಿಲ್ಲ. ಅಷ್ಟರಲ್ಲಿ ಬೂಟು ನೆನೆದು ಸಾಕಾಗಿರುತ್ತದೆ, ಮಧ್ಯಾಹ್ನದ ಕಾಫಿಯ ಹೊತ್ತಿಗೇ ದೀಪ ಹಾಕಬೇಕಾಗಿರುತ್ತದೆ, ಮಲಗುವ ಕೋಣೆಯ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಿರುತ್ತದೆ. ನಾನು ತೀರ್ಥಹಳ್ಳಿಯವಳು. ಮೊದಲು ಮ್ಯಾಂಚೆಸ್ಟರಿನಲ್ಲಿದ್ದೆ, ಈಗ ಲೀಡ್ಸಿನಲ್ಲಿದ್ದೇನೆ. ಪ್ರತಿ ಅಕ್ಟೋಬರಿನಲ್ಲಿ ಹೊಸಬರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಎಷ್ಟು ಡಿಗ್ರಿಗೆ ಇಳಿಯುತ್ತದೆ?" ಡಿಗ್ರಿಯ ಚಿಂತೆಯನ್ನು ಸ್ವಲ್ಪ ಬದಿಗಿಡಿ, ಕತ್ತಲೆ, ತೇವ, ಗಾಳಿ ಈ ಮೂರಕ್ಕೆ ಸಿದ್ಧರಾಗಿ ಎಂದು ಅವರಿಗೆ ಹೇಳುತ್ತೇನೆ.

ಮೊದಲು ಕತ್ತಲೆಯ ವಿಷಯ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೊಬೈಲ್ ತಾನಾಗಿಯೇ ಬದಲಾಗುತ್ತದೆ. ಒಲೆಯ ಮೇಲಿನ ಗಡಿಯಾರವನ್ನು, ಗೋಡೆ ಗಡಿಯಾರವನ್ನು ನೀವೇ ತಿರುಗಿಸಬೇಕು. ಭಾರತಕ್ಕೂ ಇಲ್ಲಿಗೂ ಇದ್ದ ನಾಲ್ಕೂವರೆ ಗಂಟೆಯ ಅಂತರ ಅಂದಿನಿಂದ ಐದೂವರೆಯಾಗುತ್ತದೆ. ಸಂಜೆ ನಾಲ್ಕಕ್ಕೆ ಫೋನ್ ಮಾಡಿದರೆ ಅಮ್ಮ ಇಷ್ಟು ದಿನ ಎಂಟೂವರೆಯ ಊಟಕ್ಕೆ ಕೂತಿರುತ್ತಿದ್ದರು. ಈಗ ಅದೇ ನಾಲ್ಕಕ್ಕೆ ಅಲ್ಲಿ ಒಂಬತ್ತೂವರೆ, ಅವರು ಮಲಗಿರುತ್ತಾರೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ಡಿಸೆಂಬರ್ ಮಧ್ಯದಲ್ಲಿ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಸುಮಾರು ಎಂಟಕ್ಕೆ, ಮುಳುಗುವುದು ಮೂರೂ ಐವತ್ತರ ಆಸುಪಾಸಿನಲ್ಲಿ. ಎಡಿನ್‌ಬರೋದಲ್ಲಿ ಎಂಟೂ ನಲವತ್ತಕ್ಕೆ ಹುಟ್ಟಿ ಮೂರೂ ನಲವತ್ತರೊಳಗೆ ಮುಳುಗುತ್ತಾನೆ. ಉತ್ತರದ ತುದಿಯಲ್ಲಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಬೆಂಗಳೂರಿನ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗಿಂತ ಹೆಚ್ಚು ಎಂಬುದನ್ನು ನೆನೆದರೆ ಮೈ ಮನಸ್ಸು ಯಾಕೆ ಸೊರಗುತ್ತವೆ ಎಂದು ಅರ್ಥವಾಗುತ್ತದೆ. ಇರುವ ಬೆಳಕಿಗೂ ಕಸುವಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಲಂಡನ್ನಿನಲ್ಲಿ 15 ಡಿಗ್ರಿ ಮಾತ್ರ. ಎದುರುಮನೆಯ ಚಾವಣಿಯನ್ನು ದಾಟಿ ಮೇಲೆ ಬರಲು ಅವನಿಗೆ ಆಗುವುದಿಲ್ಲ. ಮೋಡವೂ ಸೇರಿಕೊಂಡು ಇಡೀ ಡಿಸೆಂಬರ್ ತಿಂಗಳಿಗೆ ಲಂಡನ್ನಿಗೆ ದಕ್ಕುವ ಬಿಸಿಲು ಸುಮಾರು ಐವತ್ತರಿಂದ ಅರವತ್ತು ಗಂಟೆ.

ಇದಕ್ಕೆ ಎರಡು ಕೆಲಸಗಳನ್ನು ತಪ್ಪದೆ ಮಾಡಬೇಕು. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲಿನಿಂದ ದೇಹಕ್ಕೆ ಸಾಕಷ್ಟು ವಿಟಮಿನ್ ಡಿ ಸಿಗುವುದಿಲ್ಲ. ಆದ್ದರಿಂದ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವುದನ್ನು ಪರಿಗಣಿಸಿ ಎಂದು ಇಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಲ್ಲರಿಗೂ ಹೇಳುತ್ತದೆ. ದಕ್ಷಿಣ ಏಷ್ಯಾ ಮೂಲದ, ಕಪ್ಪು ಮೈಬಣ್ಣದ ನಮ್ಮಂಥವರಿಗೆ ಆ ಸಲಹೆ ವರ್ಷಪೂರ್ತಿ ಅನ್ವಯಿಸುತ್ತದೆ. ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರೆ ಫಾರ್ಮಸಿಯಲ್ಲಿ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಎರಡನೆಯದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೆಯುವುದು. ಕತ್ತಲೆಯಲ್ಲಿ ಕಚೇರಿಗೆ ಹೋಗಿ ಕತ್ತಲೆಯಲ್ಲೇ ಮರಳುವವರಿಗೆ ಹಗಲು ಸಿಗುವುದು ಆಗ ಮಾತ್ರ. ನನ್ನ ಮೊದಲ ಚಳಿಗಾಲದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಜನವರಿಯ ಹೊತ್ತಿಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ನಿಮಗೂ ಹಾಗೆ ಆದರೆ ಸುಮ್ಮನಿರಬೇಡಿ, ವೈದ್ಯರಿಗೆ ಹೇಳಿ.

ಇನ್ನು ಮಳೆ. ಕರಾವಳಿ, ಮಲೆನಾಡು, ಬಯಲುಸೀಮೆ ಗೊತ್ತಿರುವವರಿಗೆ ಇಲ್ಲಿನ ಮಳೆಯ ನಕ್ಷೆ ಹೊಸದಲ್ಲ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಅಟ್ಲಾಂಟಿಕ್ ಸಾಗರದ ತೇವವನ್ನು ಹೊತ್ತು ತರುತ್ತದೆ, ಪಶ್ಚಿಮದ ಬೆಟ್ಟಗಳಿಗೆ ಬಡಿದು ಅಲ್ಲೇ ಸುರಿಯುತ್ತದೆ. ನಮ್ಮ ಪಶ್ಚಿಮ ಘಟ್ಟ ಮಾಡುವ ಕೆಲಸವನ್ನೇ ಇಲ್ಲಿ ವೇಲ್ಸ್, ಲೇಕ್ ಡಿಸ್ಟ್ರಿಕ್ಟ್, ಪೆನೈನ್ಸ್, ಸ್ಕಾಟ್ಲೆಂಡಿನ ಬೆಟ್ಟಗಳು ಮಾಡುತ್ತವೆ. ಪೆನೈನ್ಸ್ ಶ್ರೇಣಿಯ ಅತಿ ಎತ್ತರದ ಶಿಖರ ಒಂಬೈನೂರು ಮೀಟರನ್ನೂ ಮುಟ್ಟುವುದಿಲ್ಲ, ಆದರೂ ಅದರ ಪಶ್ಚಿಮಕ್ಕಿರುವ ಮ್ಯಾಂಚೆಸ್ಟರಿನಲ್ಲಿ ಛತ್ರಿ ಹಿಡಿದು ರೈಲು ಹತ್ತಿದವಳು ಒಂದು ಗಂಟೆಯಲ್ಲಿ ಪೂರ್ವಕ್ಕಿರುವ ಲೀಡ್ಸಿಗೆ ಬಂದಿಳಿದಾಗ ನೆಲ ಒಣಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಎಂಬ ಪುಟ್ಟ ಊರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಪೂರ್ವದ ಲಂಡನ್, ಕೇಂಬ್ರಿಜ್ ಕಡೆ 600ರ ಆಸುಪಾಸು, ಅಂದರೆ ಬೆಂಗಳೂರಿಗಿಂತಲೂ ಕಡಿಮೆ. ಆದರೆ ಬೆಂಗಳೂರಿನಲ್ಲಿ ಒಂದು ಗಂಟೆ ಹೊಡೆದು ನಿಲ್ಲುವ ಮಳೆ ಇಲ್ಲಿ ಇಡೀ ದಿನ ಸೋನೆಯಾಗಿ ಹನಿಯುತ್ತದೆ. ಗಾಳಿಯೂ ಇರುವುದರಿಂದ ಛತ್ರಿ ತಿರುಚಿಕೊಳ್ಳುತ್ತದೆ. ಹಾಗಾಗಿ ದುಡ್ಡು ಹಾಕುವುದಾದರೆ ಮೊದಲು ನೀರು ಒಳಗಿಳಿಯದ ಬೂಟಿಗೆ ಹಾಕಿ, ಆಮೇಲೆ ಟೊಪ್ಪಿಗೆ ಇರುವ ಮಳೆಯಂಗಿಗೆ. ಊರಿನಿಂದ ತಂದ ದಪ್ಪ ಜಾಕೆಟ್ ಮಳೆ ತಡೆಯುವುದಿಲ್ಲವಾದರೆ ಡಿಸೆಂಬರಿನಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಳಗೆ ತೆಳುವಾದ ಎರಡು ಮೂರು ಪದರ ಉಡುಪು ಹಾಕಿಕೊಳ್ಳಿ. ಬಸ್ಸು, ಅಂಗಡಿ, ಕಚೇರಿ ಎಲ್ಲೆಡೆ ಹೀಟರ್ ಇರುತ್ತದೆ; ತೆಗೆಯಲು ಬರುವಂಥದ್ದು ಇರಬೇಕು.

ಡಿಗ್ರಿಯ ಲೆಕ್ಕ ಬೇಕೇ ಬೇಕು ಎನ್ನುವವರಿಗೆ: ಡಿಸೆಂಬರಿನಲ್ಲಿ ಲಂಡನ್ನಿನ ಹಗಲು ಸಾಮಾನ್ಯವಾಗಿ ಎಂಟು ಒಂಬತ್ತು ಡಿಗ್ರಿ, ರಾತ್ರಿ ಮೂರು ನಾಲ್ಕು. ಎಡಿನ್‌ಬರೋ, ಗ್ಲಾಸ್ಗೋ ಕಡೆ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ನೈಋತ್ಯದ ಕಾರ್ನ್‌ವಾಲ್ ಕರಾವಳಿ ತುಸು ಬೆಚ್ಚಗೆ. ಇಷ್ಟು ಉತ್ತರದಲ್ಲಿದ್ದೂ ಇಷ್ಟು ಹದವಾದ ಹವೆ ಇರಲು ಕಾರಣ ಅಟ್ಲಾಂಟಿಕ್ ಸಾಗರ. ಕೆನಡಾದ ಕ್ಯಾಲ್ಗರಿ ಹೆಚ್ಚುಕಡಿಮೆ ಲಂಡನ್ನಿನದೇ ಅಕ್ಷಾಂಶದಲ್ಲಿದೆ, ಅಲ್ಲಿನ ಚಳಿಯ ಹತ್ತಿರಕ್ಕೂ ಇಲ್ಲಿನದು ಬರುವುದಿಲ್ಲ. ಹಾಗೆಂದು ಇಲ್ಲಿ ಕಡು ಚಳಿ ಬರುವುದೇ ಇಲ್ಲ ಎಂದಲ್ಲ. 1995ರ ಡಿಸೆಂಬರ್ 30ರಂದು ಸ್ಕಾಟ್ಲೆಂಡಿನ ಆಲ್ಟ್‌ನಹಾರದಲ್ಲಿ ಸೊನ್ನೆಗಿಂತ 27.2 ಡಿಗ್ರಿ ಕೆಳಗೆ ಇಳಿದಿತ್ತು. 2010ರ ಡಿಸೆಂಬರ್ ನೂರು ವರ್ಷಗಳಲ್ಲೇ ಅತಿ ತಣ್ಣನೆಯ ಡಿಸೆಂಬರ್ ಆಗಿತ್ತು.

ಗಾಳಿಯ ದಿಕ್ಕು ನೋಡುವುದನ್ನು ರೂಢಿ ಮಾಡಿಕೊಂಡರೆ ಮುನ್ಸೂಚನೆ ಅರ್ಧ ಅರ್ಥವಾದಂತೆ. ಪಶ್ಚಿಮದಿಂದ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಬರುತ್ತಿದ್ದರೆ ಮೋಡ, ಮಳೆ, ಗಾಳಿ, ಚಳಿ ಕಡಿಮೆ. ಅಧಿಕ ಒತ್ತಡ ದೇಶದ ಮೇಲೆ ಬೀಡುಬಿಟ್ಟರೆ ಗಾಳಿ ನಿಲ್ಲುತ್ತದೆ, ಆಕಾಶ ತೆರೆಯುತ್ತದೆ, ನೆಲದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹೋಗಿ ಬೆಳಗಿನ ಹೊತ್ತಿಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಿನ ಹೆಪ್ಪು ಕೂತಿರುತ್ತದೆ, ಇಲ್ಲವೇ ದಟ್ಟ ಮಂಜು ಕವಿದಿರುತ್ತದೆ. ಗಾಳಿ ಉತ್ತರದಿಂದ ಬಂದರೆ ಆರ್ಕ್ಟಿಕ್ ಚಳಿ, ಆಗ ಸ್ಕಾಟ್ಲೆಂಡಿನ ಉತ್ತರಕ್ಕೆ, ಪೂರ್ವ ಕರಾವಳಿಗೆ ಹಿಮ. ಬೇಸಿಗೆಯಲ್ಲಿ ಕಾದ ಸಮುದ್ರ ನಿಧಾನವಾಗಿ ತಣಿಯುವುದರಿಂದ ಡಿಸೆಂಬರಿನಲ್ಲಿ ಅದಿನ್ನೂ ಸಾಕಷ್ಟು ಬೆಚ್ಚಗಿರುತ್ತದೆ. ಹೀಗಾಗಿ ತಗ್ಗು ಪ್ರದೇಶದಲ್ಲಿ ಹಿಮವಾಗಿ ಬೀಳಬೇಕಾದದ್ದು ಎಷ್ಟೋ ಸಲ ಕರಗಿ ಮಳೆಯಾಗಿಯೇ ಬೀಳುತ್ತದೆ. ಹಿಮದ ಸಾಧ್ಯತೆ ಜನವರಿಯಿಂದ ಮಾರ್ಚಿನವರೆಗೆ ಹೆಚ್ಚು. ಕ್ರಿಸ್‌ಮಸ್ಸಿಗೆ ಹಿಮ ಬೀಳುತ್ತದೆ ಎಂದು ಮಕ್ಕಳಿಗೆ ಭರವಸೆ ಕೊಡಬೇಡಿ.

ಸರ್ಕಾರದ ಹವಾಮಾನ ಸಂಸ್ಥೆಯ ಹೆಸರು ಮೆಟ್ ಆಫೀಸ್. ಅದರ ಎಚ್ಚರಿಕೆಗಳಿಗೆ ಮೂರು ಬಣ್ಣ: ಹಳದಿ, ಆ್ಯಂಬರ್ (ಕಿತ್ತಳೆಯಂಥ ಬಣ್ಣ), ಕೆಂಪು. ಉಡುಪಿ, ದಕ್ಷಿಣ ಕನ್ನಡದವರಿಗೆ ರೆಡ್ ಅಲರ್ಟ್ ಎಂದರೆ ಇಪ್ಪತ್ತು ಸೆಂಟಿಮೀಟರ್ ಮಳೆ, ಜಿಲ್ಲಾಧಿಕಾರಿಯಿಂದ ಶಾಲೆಗಳಿಗೆ ರಜೆ ಎಂದು ನೆನಪಾಗುತ್ತದೆ. ಇಲ್ಲಿ ಎರಡೂ ಬೇರೆ. ಬಣ್ಣ ನಿರ್ಧಾರವಾಗುವುದು ಎಷ್ಟು ಮಳೆ ಬೀಳುತ್ತದೆ ಎಂಬುದರ ಮೇಲಷ್ಟೇ ಅಲ್ಲ, ಅದರಿಂದ ಎಷ್ಟು ತೊಂದರೆಯಾಗಬಹುದು, ಆಗುವ ಸಂಭವ ಎಷ್ಟು ಎಂಬ ಎರಡನ್ನೂ ತೂಗಿ ನೋಡಿದ ಮೇಲೆ. ನೆಲ ಮೊದಲೇ ನೆನೆದಿದ್ದರೆ ಸಾಧಾರಣ ಮಳೆಗೂ ಎಚ್ಚರಿಕೆ ಬರಬಹುದು. ಹಳದಿ ಬಂದರೆ ಪ್ರಯಾಣಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ, ಆ್ಯಂಬರ್ ಬಂದರೆ ಹೋಗಲೇಬೇಕೇ ಎಂದು ಯೋಚಿಸಿ, ಕೆಂಪು ಬಂದರೆ ಜೀವಕ್ಕೆ ಅಪಾಯ, ಮನೆಯಲ್ಲೇ ಇರಿ. ರಜೆಯನ್ನು ಯಾವ ಅಧಿಕಾರಿಯೂ ಇಡೀ ಜಿಲ್ಲೆಗೆ ಘೋಷಿಸುವುದಿಲ್ಲ. ಆಯಾ ಶಾಲೆಯ ಮುಖ್ಯೋಪಾಧ್ಯಾಯರೇ ತೀರ್ಮಾನಿಸುತ್ತಾರೆ, ಬೆಳಿಗ್ಗೆ ಏಳಕ್ಕೆ ಸಂದೇಶ ಬರಬಹುದು. ನಿಮ್ಮ ಮೊಬೈಲ್ ಸಂಖ್ಯೆ ಶಾಲೆಯ ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಅಕ್ಟೋಬರಿನಲ್ಲೇ ನೋಡಿಕೊಳ್ಳಿ.

ದೊಡ್ಡ ಬಿರುಗಾಳಿಗಳಿಗೆ 2015ರಿಂದ ಹೆಸರಿಡುತ್ತಾರೆ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಪಟ್ಟಿ ಬರುತ್ತದೆ. ಹೆಸರು ಮುದ್ದಾಗಿದೆ ಎಂದು ಹಗುರವಾಗಿ ನೋಡಬೇಡಿ, ಅತಿ ಕೆಟ್ಟ ಬಿರುಗಾಳಿಗಳಲ್ಲಿ ಕೆಲವು ಚಳಿಗಾಲದ ಆರಂಭದಲ್ಲೇ ಬಂದಿವೆ. 2015ರ ಡಿಸೆಂಬರಿನ ಡೆಸ್ಮಂಡ್ ಬಿರುಗಾಳಿಯಲ್ಲಿ ಲೇಕ್ ಡಿಸ್ಟ್ರಿಕ್ಟಿನ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆಯಾಯಿತು. ಆಗುಂಬೆಯವರೂ ಹುಬ್ಬೇರಿಸುವ ಮಳೆ ಅದು. 2021ರ ನವೆಂಬರ್ ಕೊನೆಯ ಆರ್ವೆನ್ ಬಿರುಗಾಳಿ ಈಶಾನ್ಯ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ಮರಗಳನ್ನು ಉರುಳಿಸಿ, ಕೆಲವು ಹಳ್ಳಿಗಳಲ್ಲಿ ವಾರ ಕಳೆದರೂ ವಿದ್ಯುತ್ ಬಂದಿರಲಿಲ್ಲ. 2024ರ ಡಿಸೆಂಬರಿನಲ್ಲಿ ಡಾರಾ ಬಂದಾಗ ವೇಲ್ಸ್ ಮತ್ತು ನೈಋತ್ಯ ಇಂಗ್ಲೆಂಡಿನ ಸುಮಾರು ಮೂವತ್ತು ಲಕ್ಷ ಜನರ ಮೊಬೈಲುಗಳು ಸರ್ಕಾರದ ತುರ್ತು ಎಚ್ಚರಿಕೆಯಿಂದ ಒಟ್ಟಿಗೇ ಕಿರುಚಿದವು. ಅಂಥ ಸದ್ದು ಬಂದರೆ ಗಾಬರಿಯಾಗದೆ ಸಂದೇಶವನ್ನು ಪೂರ್ತಿ ಓದಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ವಿದ್ಯುತ್ ಹೋದರೆ 105ಕ್ಕೆ ಕರೆ ಮಾಡಬೇಕು, ಅದು ಉಚಿತ. ಮನೆಯಲ್ಲಿ ಐದು ವರ್ಷದೊಳಗಿನ ಮಗು, ವಯಸ್ಸಾದ ತಂದೆತಾಯಿ ಅಥವಾ ಕಾಯಿಲೆಯವರು ಇದ್ದರೆ ನಿಮ್ಮ ವಿದ್ಯುತ್ ಪೂರೈಕೆದಾರರ ಬಳಿ 'ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್' ಪಟ್ಟಿಗೆ ಹೆಸರು ಸೇರಿಸಿ. ವಿದ್ಯುತ್ ಕಡಿತದ ವೇಳೆ ಅಂಥ ಮನೆಗಳ ಕಡೆಗೆ ಮೊದಲು ಗಮನ ಕೊಡುತ್ತಾರೆ. ಇದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ಆದರೆ ಸ್ಕಾಟ್ಲೆಂಡ್ ಬಿಟ್ಟು ಉಳಿದೆಡೆ ಸೊನ್ನೆ ಡಿಗ್ರಿಯ ಚಳಿ ಏಳು ದಿನ ಸತತವಾಗಿ ಇದ್ದರೆ 25 ಪೌಂಡ್ ಕೊಡುವ 'ಕೋಲ್ಡ್ ವೆದರ್ ಪೇಮೆಂಟ್' ಸರ್ಕಾರಿ ನೆರವು ಪಡೆಯುತ್ತಿರುವವರಿಗೆ ಮಾತ್ರ. ಸಾರ್ವಜನಿಕ ನೆರವಿಗೆ ಅವಕಾಶವಿಲ್ಲ ಎಂದು ವೀಸಾದಲ್ಲಿ ಬರೆದಿದ್ದರೆ ಅದರ ತಂಟೆಗೆ ಹೋಗಬೇಡಿ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಮನೆಯೊಳಗಿನ ತೇವದ ಬಗ್ಗೆ. ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ. ಕುಕ್ಕರ್ ಮೂರು ಸಲ ಕೂಗುತ್ತದೆ, ಸಾರು ಕುದಿಯುತ್ತದೆ, ಇಡ್ಲಿ ಬೇಯುತ್ತದೆ. ಇತ್ತ ನಡುಮನೆಯಲ್ಲಿ ಕೋಣೆ ಬಿಸಿ ಮಾಡುವ ರೇಡಿಯೇಟರಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಚಳಿ ಒಳಗೆ ಬಾರದಿರಲೆಂದು ಕಿಟಕಿ ಮುಚ್ಚಿರುತ್ತೇವೆ. ಆ ಹಬೆಯೆಲ್ಲ ಹೋಗಿ ಮನೆಯ ಅತಿ ತಣ್ಣನೆಯ ಜಾಗದಲ್ಲಿ ನೀರಾಗಿ ಕೂರುತ್ತದೆ. ಬೆಳಿಗ್ಗೆ ಎದ್ದು ಕಿಟಕಿಯ ಗಾಜು ನೋಡಿ: ಕೆಳಗಿನ ಅಂಚಿನಲ್ಲಿ ನೀರು ಮಡುಗಟ್ಟಿರುತ್ತದೆ, ಒರೆಸದಿದ್ದರೆ ಮೂರನೆಯ ವಾರಕ್ಕೆ ರಬ್ಬರ್ ಪಟ್ಟಿಯ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು. ಮೊದಲ ಬಾಡಿಗೆ ಮನೆಯಲ್ಲಿ ಬೀರುವನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದೆವು. ಫೆಬ್ರವರಿಯಲ್ಲಿ ಎಳೆದಾಗ ಹಿಂದಿನ ಗೋಡೆ ಪೂರ್ತಿ ಬೂಷ್ಟು, ಮಗನ ಸ್ವೆಟರುಗಳಿಗೆಲ್ಲ ಮುಗ್ಗಲು ವಾಸನೆ, ಅವನಿಗೆ ತಿಂಗಳುಗಟ್ಟಲೆ ಕೆಮ್ಮು. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ ಮುಚ್ಚಿ, ಹೊಗೆ ಹೀರುವ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿಡಿ. ದಿನಕ್ಕೆ ಎರಡು ಸಲ ಹತ್ತು ನಿಮಿಷ ಕಿಟಕಿ ತೆರೆಯಿರಿ. ಚೌಕಟ್ಟಿನ ಮೇಲಿರುವ ಚಿಕ್ಕ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಬೀರುವಿಗೂ ಗೋಡೆಗೂ ನಡುವೆ ಅಂಗೈ ಅಗಲ ಬಿಡಿ. ಆಮೇಲೂ ಬೂಷ್ಟು ಬಂದರೆ ಫೋಟೊ ಸಮೇತ ಮನೆಯ ಮಾಲೀಕರಿಗೆ ಬರಹದಲ್ಲೇ ತಿಳಿಸಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಬಿಲ್ಲಿಗೆ ಹೆದರಿ ಹೀಟರ್ ಪೂರ್ತಿ ಆರಿಸುವುದೂ ತಪ್ಪು. ವಯಸ್ಸಾದವರು, ಕಾಯಿಲೆಯವರು ಇರುವ ಕೋಣೆ ಕನಿಷ್ಠ 18 ಡಿಗ್ರಿ ಇರಬೇಕು ಎಂಬುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಆ 18 ಡಿಗ್ರಿಯಲ್ಲೂ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ, ದೋಸೆ ಹಿಟ್ಟೂ ಹುಳಿ ಬರುವುದಿಲ್ಲ. ಹಿಟ್ಟಿನ ಪಾತ್ರೆಯನ್ನು ಓವನ್ನಿನ ಒಳಗಿಟ್ಟು ಅದರ ದೀಪವನ್ನಷ್ಟೇ ಹಚ್ಚಿಡಿ, ಬೆಳಿಗ್ಗೆಗೆ ಉಬ್ಬಿರುತ್ತದೆ. ನಲ್ಲಿಯ ಮುಖ್ಯ ಕವಾಟ ಎಲ್ಲಿದೆ ಎಂದು ಮನೆಗೆ ಬಂದ ವಾರವೇ ಹುಡುಕಿಟ್ಟುಕೊಳ್ಳಿ. ಪೈಪು ಹೆಪ್ಪುಗಟ್ಟಿ ಒಡೆದ ರಾತ್ರಿ ಹುಡುಕುವುದು ಕಷ್ಟ.

ಹೊರಗಿನ ಅಪಾಯಗಳಲ್ಲಿ ಹೆಚ್ಚು ಜನ ಬೀಳುವುದು ಬ್ಲ್ಯಾಕ್ ಐಸ್ ಮೇಲೆ. ಸಂಜೆಯ ಮಳೆನೀರು ರಾತ್ರಿ ಹೆಪ್ಪುಗಟ್ಟಿ ಗಾಜಿನ ತೆಳು ಪದರವಾಗುತ್ತದೆ, ನೋಡಲು ಒದ್ದೆ ರಸ್ತೆಯಂತೆಯೇ ಇರುತ್ತದೆ. ಸ್ಥಳೀಯ ಆಡಳಿತದ ಲಾರಿಗಳು ಮುಖ್ಯ ರಸ್ತೆಗಳಿಗೆ ಉಪ್ಪು ಎರಚುತ್ತವೆ, ನಿಮ್ಮ ಓಣಿಗೆ, ಕಾಲುದಾರಿಗೆ ಬರುವುದು ಕಡಿಮೆ. ಪುಟ್ಟ ಹೆಜ್ಜೆ ಇಟ್ಟು ನಡೆಯಿರಿ, ಕೈಗಳು ಜೇಬಿನಲ್ಲಿರಬಾರದು. ಕಾರಿನ ಗಾಜುಗಳನ್ನೆಲ್ಲ ಪೂರ್ತಿ ಕೆರೆದು ಸ್ವಚ್ಛ ಮಾಡಿಯೇ ಹೊರಡಬೇಕೆಂಬುದು ಇಲ್ಲಿನ ನಿಯಮ. ಸ್ಟಿಯರಿಂಗ್ ಮುಂದೆ ಅಂಗೈಯಗಲ ಕೆರೆದರೆ ಸಾಲದು. ಕುದಿಯುವ ನೀರು ಸುರಿದರೆ ಗಾಜು ಸೀಳುತ್ತದೆ. ಗಾಜು ಬಿಸಿಯಾಗಲೆಂದು ರಸ್ತೆಯಲ್ಲಿ ಇಂಜಿನ್ ಚಾಲೂ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗುವುದೂ ಕಾನೂನಿಗೆ ವಿರುದ್ಧ.

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ. ಆದರೆ ಲಂಡನ್ನಿನಲ್ಲಿ ಸೂರ್ಯ ಅತಿ ಬೇಗ ಮುಳುಗುವ ದಿನ ಅದಲ್ಲ, ಡಿಸೆಂಬರ್ 12ರ ಆಸುಪಾಸು. ಅಲ್ಲಿಂದ ಸಂಜೆ ದಿನಕ್ಕೆ ಕೆಲವೇ ಸೆಕೆಂಡುಗಳಷ್ಟು ಹಿಗ್ಗತೊಡಗುತ್ತದೆ, ಬೆಳಗು ಮಾತ್ರ ವರ್ಷಾಂತ್ಯದವರೆಗೂ ತಡವಾಗುತ್ತಲೇ ಹೋಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಲು ಪಕ್ಕದ ಬೀದಿಗೆ ಹೊರಟಾಗ ಗಡಿಯಾರ ನೋಡಿ. ನಾಲ್ಕೂ ಕಾಲಾಗಿರುತ್ತದೆ, ಹೊರಗೆ ಇನ್ನೂ ಬೆಳಕಿರುತ್ತದೆ.