ಹೊಂಗೆ ಎಣ್ಣೆಯಲ್ಲಿ ಟ್ಯಾಪಿಂಗ್: ನನ್ನ ಅನುಭವ

"ಸಾರ್, ದೀಪದ ಎಣ್ಣೆ ಹಾಕಿ ಮೆಷಿನ್ ಹಾಳು ಮಾಡ್ಕೋಬೇಡಿ" ಅಂದಿದ್ದರು ಪೀಣ್ಯದಲ್ಲಿ ನನ್ನ ಪಕ್ಕದ ಶೆಡ್ಡಿನವರು. ಎರಡು ವರ್ಷ ಆಯಿತು. ಹೋದ ತಿಂಗಳು ಅವರೇ ಬಂದು ಅದೇ ಎಣ್ಣೆ ಐದು ಲೀಟರ್ ಕೇಳಿ ಒಯ್ದರು.

ನನ್ನದು 304 ಸ್ಟೀಲ್ (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಕೆಲಸ, ಎಂ8 ಟ್ಯಾಪಿಂಗ್ ಜಾಸ್ತಿ. ಅಂದರೆ ಟ್ಯಾಪ್ ಅನ್ನೋ ಉಪಕರಣದಿಂದ ತೂತಿನೊಳಗೆ 8 ಮಿ.ಮೀ. ಬೋಲ್ಟಿಗೆ ಥ್ರೆಡ್ ಕೊರೆಯೋದು. ಸೋಮವಾರ ಶೆಡ್ ತೆಗೆದರೆ ಕೂಲೆಂಟ್ (ಲೋಹ ಕೊರೆಯುವಾಗ ಬಿಸಿ ಇಳಿಸುವ ನೀರು ಬೆರೆಸಿದ ದ್ರವ) ಟ್ಯಾಂಕಿನ ನಾತ ಮೂಗಿಗೆ ಬಡಿಯುತ್ತಿತ್ತು. ಹುಡುಗರ ಕೈ ತುಂಬಾ ತುರಿಕೆ. ಅದಕ್ಕೇ ಕೂಲೆಂಟ್ ಬದಲು ಹೊಂಗೆ ಎಣ್ಣೆಗೆ ಕೈ ಹಾಕಿದೆ.

ಮೊದಲು ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ಹಾಗೇ ಸುರಿದೆ. ಟ್ಯಾಪ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆದರೆ ಮೂರು ವಾರಕ್ಕೆ ಮೆಷಿನ್ನಿನ ಸ್ಲೈಡ್ (ಜಾರುವ ಭಾಗ) ಮೇಲೆ ಬೆಲ್ಲದ ಪಾಕದಂಥ ಅಂಟು. ಹಿತ್ತಾಳೆ ಬುಷ್ ಹಸಿರು ಹಿಡಿಯಿತು. ಸೀಮೆಎಣ್ಣೆ ಹಾಕಿ ಎರಡು ದಿನ ಉಜ್ಜಿದೆವು. ಮಾಲು ತಡವಾಯಿತು. ಹೆಚ್ಚುಕಮ್ಮಿ 18 ಸಾವಿರ ಹೋಯಿತು. ಮನೆಯಲ್ಲೂ ಮಾತು ಬಂತು.

ತಪ್ಪು ಎಣ್ಣೆಯ ಹುಳಿಯಲ್ಲಿ, ಅಂದರೆ ಆಮ್ಲದಲ್ಲಿತ್ತು. ಈಗ ಚೂರು ಸೋಡಾ ಹಾಕಿ ಬಿಸಿನೀರಲ್ಲಿ ತೊಳೆಯುತ್ತೇನೆ, ರಾತ್ರಿಯಿಡೀ ತಿಳಿಯಾಗಲು ಬಿಡುತ್ತೇನೆ. ಆಮೇಲೆ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುತ್ತೇನೆ. ನಾಲ್ಕು ಪಾಲಿಗೆ ಒಂದು ಪಾಲು ಹರಳೆಣ್ಣೆ. ಅಂಟು ತಡೆಯಲು ಬಿಎಚ್‌ಟಿ ಅನ್ನೋ ರಾಸಾಯನಿಕ. ಎಷ್ಟು, ಯಾವ ಬಿಸಿಯಲ್ಲಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎಂಟು ತಿಂಗಳು ಒದ್ದಾಡಿ ಕಂಡುಕೊಂಡದ್ದು.

ನಡುವೆ ಕೊಬ್ಬರಿ ಎಣ್ಣೆಯನ್ನೂ ನೋಡಿದೆ. ವಾಸನೆ ಚೆನ್ನಾಗಿತ್ತು, ಹುಡುಗರಿಗೆ ಬಹಳ ಇಷ್ಟವಾಯಿತು. ಡಿಸೆಂಬರ್ ಬೆಳಿಗ್ಗೆ ಪೈಪಿನಲ್ಲೇ ಗಟ್ಟಿಯಾಗಿ ಕೂತಿತು. ಬೆಂಗಳೂರಿನ ಚಳಿಗೆ ಅದು ಆಗಲ್ಲ.

ಡ್ರಿಲ್ಲಿಂಗಿಗೆ ಎಣ್ಣೆ ಸುರಿಯುವುದೇ ಇಲ್ಲ. ಕಂಪ್ರೆಸರ್ ಗಾಳಿಯ ಜೊತೆ ಮಂಜಿನ ಹಾಗೆ ಬಿಡುತ್ತೇನೆ, ಗಂಟೆಗೆ ಸುಮಾರು 40 ಮಿಲಿ. ನಾಜಲ್, ಪೈಪ್ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಮೊದಲು ದಿನಕ್ಕೆ ಎರಡು ಟ್ಯಾಪ್ ಮುರಿಯುತ್ತಿದ್ದವು. ಈಗ ವಾರಕ್ಕೆ ಒಂದೋ ಎರಡೋ. ಒಂದು ಟ್ಯಾಪಿಗೆ 250 ರೂಪಾಯಿ ಅಂತ ಇಟ್ಟುಕೊಂಡರೂ ಲೆಕ್ಕ ನೀವೇ ಹಾಕಿ. ಎಣ್ಣೆ ಲೀಟರಿಗೆ ದುಬಾರಿ, ನಿಜ. ಆದರೆ ಖರ್ಚಾಗೋದು ಎಷ್ಟು ಅಲ್ವಾ? ಚೂರುಗಳೂ ಒಣಗೇ ಬೀಳುತ್ತವೆ, ಗುಜರಿಯವರು ತಕರಾರಿಲ್ಲದೆ ಒಯ್ಯುತ್ತಾರೆ. ಹುಡುಗರ ಕೈ ತುರಿಕೆ ನಿಂತಿದೆ. ನನಗೆ ಅದೇ ದೊಡ್ಡದು.

ಗ್ರೈಂಡಿಂಗಿಗೆ ಇದು ನಡೆಯಲಿಲ್ಲ. ಅಲ್ಲಿನ ಬಿಸಿಗೆ ನೀರೇ ಬೇಕು, ಹಳೆ ಕೂಲೆಂಟ್ ಇನ್ನೂ ಇದೆ. ಶುರು ಮಾಡುವವರು ಒಂದೇ ಮೆಷಿನ್‌ನಲ್ಲಿ, ಬರೀ ಟ್ಯಾಪಿಂಗಿಗೆ ಹಾಕಿ ನೋಡಿ. ಗೇರ್‌ಬಾಕ್ಸಿಗೆ ಮಾತ್ರ ಹಾಕಬೇಡಿ. ಶನಿವಾರ ಸಂಜೆ ಸ್ಲೈಡ್ ಒರೆಸಿಯೇ ಮನೆಗೆ ಹೋಗಿ.