ಅರವತ್ತರ ನಂತರ ಪಾರ್ಲರ್: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ನಮ್ಮ ಬಡಾವಣೆಯ ಪಾರ್ಲರಿನಲ್ಲಿ ಹುಬ್ಬು ತಿದ್ದಿಸಿಕೊಳ್ಳಲು ಕುಳಿತರೆ ಸಾಕು, ‘ಆಂಟಿ, ಒಂದು ಗೋಲ್ಡ್ ಫೇಷಿಯಲ್ ಮಾಡಿಸಿಬಿಡಿ, ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರ’ ಎಂಬ ಮಾತು ಕಿವಿಗೆ ಬೀಳುತ್ತದೆ. ಮನೆಗೆ ಬಂದರೆ ‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ’ ಎಂಬ ಇನ್ನೊಂದು ಮಾತು ಬಾಗಿಲಲ್ಲೇ ಕಾದಿರುತ್ತದೆ. ಜಯನಗರದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಅರವತ್ತು ದಾಟಿ, ಈ ಎರಡೂ ಮಾತನ್ನು ಸಾಕಷ್ಟು ಸಲ ಕೇಳಿಸಿಕೊಂಡ ನಾನು ಎರಡನ್ನೂ ಒಪ್ಪುವುದಿಲ್ಲ. ನಮ್ಮ ಕಣ್ಣು, ಕೈ, ಸೊಂಟ, ಮಂಡಿಗಳು ಈಗ ಮಾಡಲಾರದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿಕೊಳ್ಳುವುದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗುತ್ತದೆ. ಕಳೆದುಹೋದ ವಯಸ್ಸನ್ನು ಮರಳಿ ತರುತ್ತೇವೆ ಎನ್ನುವವರಿಗೆ ಕೊಟ್ಟದ್ದು ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಯಾವುದು ಯಾವ ಗುಂಪಿಗೆ ಸೇರುತ್ತದೆ, ಹೋದಾಗ ಏನನ್ನು ಕೇಳಬೇಕು, ಎಲ್ಲಿ ಎದ್ದು ಬರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪಾದದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ವಯಸ್ಸಾದವರಿಗೆ ಪಾರ್ಲರಿನಿಂದ ಸಿಗುವ ಅತ್ಯಂತ ಉಪಯುಕ್ತ ಸೇವೆ ಪೆಡಿಕ್ಯೂರ್. ನಮ್ಮ ಅತ್ತೆಯವರಿಗೆ 84 ವರ್ಷ. ಅವರ ಹೆಬ್ಬೆರಳಿನ ಉಗುರು ಹಳದಿಗಟ್ಟಿ ಎಷ್ಟು ದಪ್ಪವಾಗಿತ್ತೆಂದರೆ, ಮನೆಯ ನೇಲ್ ಕಟರಿನ ಬಾಯಿ ಅಷ್ಟಗಲ ತೆರೆಯುತ್ತಲೇ ಇರಲಿಲ್ಲ. ಅವರಿಗೆ ಬಗ್ಗಲಾಗದು, ನಾನು ನೆಲಕ್ಕೆ ಕೂತು ಬಗ್ಗಿದರೆ ಕನ್ನಡಕ ಮೂಗಿನ ತುದಿಗೆ ಜಾರಿ, ಉಗುರು ಯಾವುದು ಚರ್ಮ ಯಾವುದು ಎಂದು ತಿಳಿಯದೆ ಒಮ್ಮೆ ರಕ್ತ ಬರಿಸಿದ್ದೂ ಉಂಟು. ಪಾರ್ಲರಿನ ಹುಡುಗಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಮೆತ್ತಗಾದ ಉಗುರನ್ನು ಒಂದೇ ಸಲಕ್ಕೆ ಕತ್ತರಿಸದೆ ಸ್ವಲ್ಪ ಸ್ವಲ್ಪವಾಗಿ ತೆಗೆದು, ಅರದಿಂದ ತೀಡಿದಳು. ಅಂದು ಸಂಜೆ ಅತ್ತೆಯವರು ಬಹಳ ದಿನಗಳ ಮೇಲೆ ಚಪ್ಪಲಿ ಕಚ್ಚುತ್ತಿದೆ ಎಂದು ಹೇಳದೆ ದೇವಸ್ಥಾನಕ್ಕೆ ಹೋಗಿಬಂದರು.

ಆದರೆ ಪೆಡಿಕ್ಯೂರನ್ನು ಕೇಳಿ ಮಾಡಿಸಿಕೊಳ್ಳಬೇಕು. ನೀರು ಎಷ್ಟು ಬಿಸಿಯಿದೆ ಎಂದು ಮೊದಲು ಮೊಣಕೈಯಿಂದ ನೋಡಬೇಕು, ಪಾದದಿಂದಲ್ಲ. ವಯಸ್ಸಾದ ಪಾದಕ್ಕೆ ಬಿಸಿ ತಡವಾಗಿ ತಿಳಿಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಲು ಹೇಳಬೇಕು, ಏಕೆಂದರೆ ಮೂಲೆಗಳನ್ನು ಒಳಕ್ಕೆ ಕೊರೆದರೆ ಉಗುರು ಚರ್ಮದೊಳಗೆ ಬೆಳೆದು ಕೀವು ತುಂಬುತ್ತದೆ. ಉಗುರಿನ ಬುಡದ ತೆಳುಚರ್ಮವನ್ನು ಕತ್ತರಿಸಲು ಬಿಟ್ಟರೆ ಉಗುರುಸುತ್ತು ಬರುವ ದಾರಿ ತೆರೆದಂತೆಯೇ. ಹಿಮ್ಮಡಿಯ ಗಡಸು ಚರ್ಮಕ್ಕೆ ಬ್ಲೇಡ್ ಹಿಡಿದವರನ್ನು ಅಲ್ಲೇ ತಡೆಯಬೇಕು. ಉಜ್ಜುವ ಕಲ್ಲು ಸಾಕು. ಟಬ್ಬಿಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆಯೇ, ಉಪಕರಣಗಳನ್ನು ಶುದ್ಧಿ ಮಾಡಿದ್ದಾರೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ನಾನಂತೂ ಕಟರು, ಅರ ಮತ್ತು ಕಲ್ಲು ಇರುವ ಸಣ್ಣ ಡಬ್ಬಿಯೊಂದನ್ನು ಮನೆಯಿಂದಲೇ ಒಯ್ಯುತ್ತೇನೆ. ಮುಗಿದ ಮೇಲೆ ಬೆರಳುಗಳ ಸಂದು ಪೂರ್ತಿ ಒಣಗಬೇಕು, ಇಲ್ಲವಾದರೆ ಅಲ್ಲಿ ಬೂಷ್ಟಿನ ಸೋಂಕು ಹತ್ತುತ್ತದೆ. ಮಧುಮೇಹವಿದ್ದು ಪಾದಕ್ಕೆ ಜೋಮು ಹಿಡಿಯುತ್ತಿದ್ದರೆ, ಗಾಯ ಮಾಯಲು ತಡವಾಗುತ್ತಿದ್ದರೆ ಅಥವಾ ಆಣಿ ಎದ್ದಿದ್ದರೆ ಪಾರ್ಲರನ್ನು ಬಿಟ್ಟು, ಪಾದಚಿಕಿತ್ಸೆಯ ವಿಭಾಗವಿರುವ ಆಸ್ಪತ್ರೆಗೇ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಎರಡನೆಯದು, ಯಾರೂ ಬಾಯಿಬಿಟ್ಟು ಹೇಳದ ಗದ್ದದ ಕೂದಲು. ಮುಟ್ಟು ನಿಂತ ಮೇಲೆ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಇಳಿದು, ದೇಹದಲ್ಲಿ ಮೊದಲಿನಿಂದಲೂ ಇದ್ದ ಪುರುಷ ಹಾರ್ಮೋನಿನ ಕೈ ಸ್ವಲ್ಪ ಮೇಲಾಗುವುದರಿಂದ, ಗದ್ದದಲ್ಲೂ ಮೇಲ್ದುಟಿಯ ಮೇಲೂ ಅಲ್ಲೊಂದು ಇಲ್ಲೊಂದು ಒರಟು ಕೂದಲು ಏಳುತ್ತದೆ. ಬಚ್ಚಲಿನ ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ಆಟೋದ ಪಕ್ಕದ ಕನ್ನಡಿಯಲ್ಲಿ, ಬಿಸಿಲಿಗೆ, ಹೊಳೆದು ಕಾಣುತ್ತದೆ. ಕಣ್ಣು ಮಂಜಾದವರಿಗೆ ಥ್ರೆಡಿಂಗ್ ಯೋಗ್ಯವಾದ ಸೇವೆ. ದಾರದ ತುದಿಯನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಬದಲು ಕುತ್ತಿಗೆಗೆ ಕಟ್ಟಿಕೊಳ್ಳಲು ಹೇಳಿ. ಹಾಗೆ ಮಾಡುವುದು ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಮಾಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ದೀರ್ಘಕಾಲದ ಸ್ಟೆರಾಯ್ಡ್ ಅಥವಾ ಸುಕ್ಕು, ಮೊಡವೆಗೆ ಕೊಡುವ ರೆಟಿನಾಯ್ಡ್ ಮುಲಾಮು ಬಳಸುವವರು ಮುಖಕ್ಕೆ ವ್ಯಾಕ್ಸ್ ಹಾಕಿಸಬಾರದು, ಏಕೆಂದರೆ ಕೂದಲಿನ ಜೊತೆಗೆ ಚರ್ಮವೂ ಕಿತ್ತು ಬರಬಹುದು, ರಕ್ತ ಕಟ್ಟಬಹುದು. ಇನ್ನು ಲೇಸರ್ ಕೆಲಸ ಮಾಡುವುದು ಕೂದಲಿನಲ್ಲಿರುವ ಕಪ್ಪು ವರ್ಣಕವನ್ನು ಹಿಡಿದು. ಬಿಳಿ ಕೂದಲಿನಲ್ಲಿ ಅದು ಇರುವುದೇ ಇಲ್ಲವಾದ್ದರಿಂದ ಎಷ್ಟು ಸಿಟ್ಟಿಂಗ್ ಮಾಡಿಸಿದರೂ ಬಿಳಿ ಕೂದಲು ಜಗ್ಗುವುದಿಲ್ಲ. ಗದ್ದದಲ್ಲಿ ಬಿಳಿಯೇ ಹೆಚ್ಚಿರುವವರಿಗೆ ಲೇಸರ್ ಪ್ಯಾಕೇಜ್ ಮಾರಲು ಬಂದರೆ ಅದು ತಿಳಿಯದೆ ಆದ ತಪ್ಪಲ್ಲ. ಬಿಳಿ ಕೂದಲಿಗೆ ಶಾಶ್ವತ ಉಪಾಯ ಬೇಕೆಂದರೆ ಒಂದೊಂದೇ ಬುಡವನ್ನು ವಿದ್ಯುತ್ತಿನಿಂದ ಸುಡುವ ಎಲೆಕ್ಟ್ರಾಲಿಸಿಸ್ ಇದೆ. ನಿಧಾನದ ಕೆಲಸ, ಸ್ವಲ್ಪ ನೋವೂ ಉಂಟು. ಕೂದಲು ಕೆಲವೇ ತಿಂಗಳಲ್ಲಿ ದಟ್ಟವಾಗಿ ಬಂದು ಧ್ವನಿಯೂ ಒಡೆದರೆ ಮೊದಲು ವೈದ್ಯರನ್ನು ಕಾಣಬೇಕು.

ತಲೆಗೂದಲಿನ ಬಣ್ಣದಲ್ಲಿ ಹಣಕ್ಕಿಂತ ಎಚ್ಚರ ಮುಖ್ಯ. ಶಾಶ್ವತ ಕಪ್ಪು ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ‘ಅಮೋನಿಯಾ ಇಲ್ಲ’ ಎಂದು ಡಬ್ಬದ ಮೇಲೆ ಬರೆದ ಮಾತ್ರಕ್ಕೆ ಪಿಪಿಡಿ ಇಲ್ಲ ಎಂದಾಗುವುದಿಲ್ಲ. ‘ಕಪ್ಪು ಮೆಹಂದಿ’ ಎನ್ನುವುದರಲ್ಲೂ ಅದನ್ನು ಬೆರೆಸಿರುವುದುಂಟು, ಏಕೆಂದರೆ ನಿಜವಾದ ಮೆಹಂದಿ ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಇಪ್ಪತ್ತು ವರ್ಷ ಒಗ್ಗಿದ್ದ ಬಣ್ಣ ಇಪ್ಪತ್ತೊಂದನೆಯ ವರ್ಷ ಅಲರ್ಜಿಯಾಗಿ ಮುಖ ಊದಿಸಬಹುದು. ಆದ್ದರಿಂದ ಕಿವಿಯ ಹಿಂದೆಯೋ ಮೊಣಕೈಯ ಒಳಬದಿಗೋ ಒಂದು ಬೊಟ್ಟು ಹಚ್ಚಿಸಿಕೊಂಡು 48 ಗಂಟೆ ಕಾಯಬೇಕು, ಪ್ರತಿ ಸಲವೂ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಬಣ್ಣ ಹಚ್ಚಿಸಲು ಆರಂಭಿಸಿದವರು ನಾಲ್ಕೈದು ವಾರಕ್ಕೊಮ್ಮೆ ಬೈತಲೆಯ ಬಿಳಿಗೆರೆಗೆ ಲೆಕ್ಕ ಕೊಡಲೇಬೇಕು. ಭುಜದ ನೋವಿನಿಂದ ಕೈ ಎತ್ತಲಾಗದವರು ಇದನ್ನು ಪಾರ್ಲರಿನಲ್ಲೇ ಮಾಡಿಸಲಿ. ಕೂದಲು ನೇರ ಮಾಡುವ ಕೆರಾಟಿನ್ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇಡವೆಂದೇ: ಅಂಥ ಹಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕವೆಂದು ಗುರುತಿಸಲ್ಪಟ್ಟ ವಸ್ತು.

ಬಣ್ಣಕ್ಕಿಂತ ಹೆಚ್ಚು ಅಪಾಯ ತಲೆ ತೊಳೆಯುವ ಬೇಸಿನ್ನಿನಲ್ಲಿದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತೆ. ಕುತ್ತಿಗೆಯನ್ನು ಹಿಂದಕ್ಕೆ ಬಗ್ಗಿಸಿ ಬೇಸಿನ್ನಿನ ಅಂಚಿಗೆ ಇಟ್ಟು, ಆ ಹುಡುಗಿ ಫೋನಿನಲ್ಲಿ ಮಾತಾಡುತ್ತ ಹತ್ತು ನಿಮಿಷ ತೊಳೆದಳು. ಎದ್ದು ನಿಂತಾಗ ಗೋಡೆ ತಿರುಗಿತು, ಪಕ್ಕದ ಕುರ್ಚಿ ಹಿಡಿದುಕೊಂಡೆ. ನನಗೆ ಅಷ್ಟಕ್ಕೇ ಮುಗಿಯಿತು. ಆದರೆ ಹೀಗೆ ಬಗ್ಗಿದಾಗ ಕುತ್ತಿಗೆಯ ಹಿಂಬದಿಯಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಒತ್ತಿಕೊಂಡು ಅಥವಾ ಒಳಪದರ ಸೀಳಿ ಪಾರ್ಶ್ವವಾಯು ಆಗಬಹುದೆಂದು 1993ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅದಕ್ಕೆ ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂಬ ಹೆಸರೂ ಇದೆ. ಅಪರೂಪದ್ದೇ, ಆದರೂ ಬಿ.ಪಿ., ಕುತ್ತಿಗೆ ಸವೆತ ಇರುವ ನಮ್ಮಂಥವರು ತಲೆಯನ್ನು ಮನೆಯಲ್ಲೇ ತೊಳೆದುಕೊಂಡು ಹೋಗುವುದು ಅಥವಾ ಮುಂದಕ್ಕೆ ಬಾಗಿ ತೊಳೆಸಿಕೊಳ್ಳುವುದು ಒಳ್ಳೆಯದು. ಬೇಸಿನ್ ಅನಿವಾರ್ಯವಾದರೆ ಕುತ್ತಿಗೆಯ ಕೆಳಗೆ ದಪ್ಪಗೆ ಸುತ್ತಿದ ಟವೆಲ್ ಇಡಿಸಿ, ಬೇಗ ಮುಗಿಸಲು ಹೇಳಬೇಕು. ನಂತರ ಮಾತು ತೊದಲಿದರೆ, ಒಂದು ಕಡೆ ಬಲ ಕಳೆದುಕೊಂಡರೆ, ನಡಿಗೆ ವಾಲಿದರೆ ‘ಸ್ವಲ್ಪ ಮಲಗಿದರೆ ಸರಿಹೋಗುತ್ತೆ’ ಎನ್ನದೆ ಕೂಡಲೇ ಪಾರ್ಶ್ವವಾಯು ಚಿಕಿತ್ಸೆಯಿರುವ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಈಗ ಫೇಷಿಯಲ್. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನ್ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ, ಎಣ್ಣೆಯಂಶವೂ ಇಳಿಯುತ್ತದೆ. ಚಿನ್ನದ ರೇಕು, ಮುತ್ತಿನ ಪುಡಿ, ಕೊಲಾಜೆನ್ ಮಾಸ್ಕ್ ಎಂದು ಏನೇ ಹಚ್ಚಿದರೂ ಅದು ಒಳಗಿಳಿದು ಆ ಕೊರತೆ ತುಂಬುವುದಿಲ್ಲ. ಕೊಲಾಜೆನ್ನಿನ ಕಣ ಚರ್ಮದ ಮೇಲ್ಪದರವನ್ನು ದಾಟಲಾರದಷ್ಟು ದೊಡ್ಡದು. ಫೇಷಿಯಲ್ಲಿನಿಂದ ಸಿಗುವುದು ಸತ್ತ ಚರ್ಮ ಉದುರಿ, ತೇವ ತುಂಬಿ, ಮೂರು ನಾಲ್ಕು ದಿನ ಉಳಿಯುವ ಹೊಳಪು ಮತ್ತು ಅರ್ಧ ಗಂಟೆ ಮೃದುವಾದ ಕೈಯೊಂದು ಮುಖ ನೇವರಿಸುವ ಸುಖ. ಒಂಟಿಯಾಗಿರುವ ನನ್ನ ಗೆಳತಿಯೊಬ್ಬಳು ಈ ಎರಡನೆಯದಕ್ಕಾಗಿಯೇ ಹೋಗುತ್ತಾಳೆ, ಅದನ್ನು ದಂಡವೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಎಲ್ಲಕ್ಕಿಂತ ಅಗ್ಗದ ಫೇಷಿಯಲ್ಲೇ ಸಾಕು. ಬ್ಲೀಚ್, ಜೋರಾದ ಸ್ಕ್ರಬ್, ಬಿಸಿ ಆವಿ ತೆಳುವಾದ ಚರ್ಮಕ್ಕೆ ಬೇಡ. ಮಗನ ಅಥವಾ ಮಗಳ ಮದುವೆಯಿದ್ದರೆ ಮೊದಲ ಬಾರಿಯ ಫೇಷಿಯಲ್ಲನ್ನು ಛತ್ರಕ್ಕೆ ಹೊರಡುವ ವಾರ ಮಾಡಿಸಲೇಬಾರದು. ಮೂರು ವಾರ ಮೊದಲೇ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಫೇಷಿಯಲ್ಲಿಗೆ ಕೊಡುವ ದುಡ್ಡನ್ನು ಸನ್‌ಸ್ಕ್ರೀನಿಗೆ ಹಾಕಿದರೆ ಹೆಚ್ಚು ಲಾಭ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಗಾಳಿ ತಂಪಾಗಿದ್ದರೂ ಬಿಸಿಲಿನ ನೇರಳಾತೀತ ಕಿರಣ ತಂಪಾಗಿರುವುದಿಲ್ಲ. ಲಾಲ್‌ಬಾಗಿನಲ್ಲಿ ಒಂಬತ್ತು ಗಂಟೆಯಾದರೂ ನಡೆಯುತ್ತಲೇ ಇರುವವರು ಇದನ್ನು ಗಮನಿಸಬೇಕು. ಬಿಸಿಲಿನಿಂದ ಕೊಡುವ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ 30 ಇರುವುದು ಸಾಕು, ಅದು ಚರ್ಮ ಸುಡುವ ಕಿರಣಗಳಲ್ಲಿ ಶೇಕಡಾ 97ರಷ್ಟನ್ನು ತಡೆಯುತ್ತದೆ; ಆದರೆ ಎರಡು ಬೆರಳುದ್ದದಷ್ಟು ತೆಗೆದುಕೊಂಡು ಮುಖಕ್ಕೂ ಕುತ್ತಿಗೆಗೂ ಹಚ್ಚಬೇಕು. ಮುಖದ ಮೇಲೇಳುವ ಕಂದು ಕಲೆಗೆ, ಅಂದರೆ ಬಂಗಿಗೆ, ಅಂಗಡಿಯವರೋ ಪಾರ್ಲರಿನವರೋ ಕೊಡುವ ‘ಬಿಳಿ ಮಾಡುವ’ ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮಕ್ಕೆ ತಂದದ್ದು ಸುಮ್ಮನೆ ಅಲ್ಲ. ಇನ್ನು ಕುತ್ತಿಗೆಯ ಹಿಂಭಾಗ ವೆಲ್ವೆಟ್ಟಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಅದು ಕೊಳೆಯೂ ಅಲ್ಲ, ಟ್ಯಾನೂ ಅಲ್ಲ. ಡಿ-ಟ್ಯಾನ್ ಮಾಡಿಸುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಕ್ಲಿನಿಕ್ಕಿನ ಚಿಕಿತ್ಸೆಗಳ ಲೆಕ್ಕ ಬೇರೆ, ಏಕೆಂದರೆ ಅವು ನಿಜವಾಗಿಯೂ ಕೆಲಸ ಮಾಡುತ್ತವೆ. ಪ್ರಶ್ನೆ ಎಷ್ಟು ದಿನ ಎಂಬುದು. ಹುಬ್ಬುಗಳ ನಡುವಿನ ಗೆರೆಗೆ ಹಾಕುವ ಬೊಟಾಕ್ಸ್ ಚುಚ್ಚುಮದ್ದು ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ, ಹಾಗಾಗಿ ಅದನ್ನು ಒಂದು ಸಲದ ಖರ್ಚೆಂದು ತಿಳಿಯದೆ ವರ್ಷಕ್ಕೆ ಮೂರು ಸಲದ ಕಂತು ಎಂದು ಲೆಕ್ಕ ಹಾಕಬೇಕು. ಗುಳಿ, ಸುಕ್ಕು ತುಂಬಲು ಚುಚ್ಚುವ ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಅದನ್ನು ಕರಗಿಸುವ ಔಷಧ ಕೈಯಳತೆಯಲ್ಲಿದೆಯೇ ಎಂದು ಕೇಳದೆ ಕುರ್ಚಿ ಹತ್ತಬಾರದು. ರಾಸಾಯನಿಕದಿಂದ ಚರ್ಮದ ಮೇಲ್ಪದರ ಸುಲಿಯುವ ಜೋರಾದ ಪೀಲ್, ಲೇಸರ್ ನಮ್ಮ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ ಕಲೆ ತೆಗೆಯುವ ಬದಲು ಹೊಸ ಕಲೆ ಉಳಿಸುವುದುಂಟು. ಕರ್ನಾಟಕದಲ್ಲಿ ಕ್ಲಿನಿಕ್ಕುಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಗೋಡೆಯ ಮೇಲೆ ಆ ಪ್ರಮಾಣಪತ್ರವನ್ನೂ, ಸೂಜಿ ಹಿಡಿಯುವವರು ಚರ್ಮರೋಗದಲ್ಲಿ ಎಂ.ಡಿ. ಅಥವಾ ಸಮಾನ ಪದವಿ ಪಡೆದಿರುವುದನ್ನೂ ನೋಡಿ. ‘ಡಾಕ್ಟರ್ ಇವತ್ತು ಇಲ್ಲ, ನಾವೇ ಮಾಡ್ತೀವಿ’ ಎಂದರೆ ಎದ್ದು ಬನ್ನಿ. ಮೊದಲ ಸಲಹೆಗೆ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗವೂ ಇದೆ. ಸಾಲು ಉದ್ದ, ಆದರೆ ಅಲ್ಲಿ ಯಾರೂ ಪ್ಯಾಕೇಜ್ ಮಾರುವುದಿಲ್ಲ. ಬಣ್ಣ, ಆಕಾರ ಬದಲಾಗುತ್ತಿರುವ ಮಚ್ಚೆಯನ್ನು ಪಾರ್ಲರಿನಲ್ಲಿ ಸುಡಿಸುವುದಂತೂ ಸಲ್ಲದು.

ಹೋಗುವ ಮೊದಲು ನಿಮ್ಮ ಮೈಯ ಇತಿಹಾಸವನ್ನು ಹೇಳಿಬಿಡಿ. ಪೇಸ್‌ಮೇಕರ್ ಇರುವವರು ವಿದ್ಯುತ್ ಹರಿಸುವ ಯಾವ ಯಂತ್ರವನ್ನೂ ಮುಖಕ್ಕೆ ಮುಟ್ಟಿಸಬಾರದು. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರು ಆ ಬದಿಯ ಕೈಗೆ ವ್ಯಾಕ್ಸ್, ಗಟ್ಟಿಯಾದ ಮಸಾಜ್ ಮಾಡಿಸಬಾರದು. ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಕಣ್ಣಿನ ವೈದ್ಯರು ಒಪ್ಪುವವರೆಗೆ ಫೇಷಿಯಲ್ಲೂ ಬಣ್ಣವೂ ಕಾಯಲಿ.

ದುಡ್ಡಿನ ವಿಷಯ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಆರು ಸಿಟ್ಟಿಂಗಿನ ಹಣವನ್ನು ಮುಂಗಡ ಕೊಡಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹೊತ್ತಿನ ಬಗ್ಗೆಯೂ ಒಂದು ಮಾತು: ಶನಿವಾರ, ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲವೂ ಅವಸರ. ಮಂಗಳವಾರ ಮತ್ತು ಅಮಾವಾಸ್ಯೆಯಂದು ಉಗುರು, ಕೂದಲು ಕತ್ತರಿಸಬಾರದೆಂಬ ನಂಬಿಕೆಯಿಂದ ನಮ್ಮ ಕಡೆಯ ಪಾರ್ಲರುಗಳು ಖಾಲಿ ಹೊಡೆಯುತ್ತಿರುತ್ತವೆ. ಉಪಕರಣ ತೊಳೆಯಲೂ, ನಮ್ಮ ನಿಧಾನದ ಕಾಲಿಗೆ ಕಾಯಲೂ ಆ ಹುಡುಗಿಗೆ ಪುರುಸೊತ್ತಿರುತ್ತದೆ. ನಾನು ಕರೆದೊಯ್ಯುವುದು ಮಂಗಳವಾರವೇ. ಅಂದು ಯಾವ ವಾರವೆಂದು ಅತ್ತೆಯವರಿಗೆ ಮಾತ್ರ ಹೇಳುವುದಿಲ್ಲ.