ಸಾವಿರ ಲೀಟರ್ ಬೋರ್ ನೀರಿಗೆ ಎಷ್ಟು ಕರೆಂಟು?

ಕೋಲಾರ ಜಿಲ್ಲೆಯ ತೋಟಗಳಲ್ಲಿ ಪಂಪ್‌ಸೆಟ್ಟಿಗೆ ಮೀಟರ್ ಕಾಣುವುದು ಅಪರೂಪ. 10 ಎಚ್‌ಪಿವರೆಗೆ ಕರೆಂಟು ಉಚಿತ, ಮೀಟರ್ ಯಾರಿಗೆ ಬೇಕು ಅಲ್ವಾ? ನನ್ನ ಸಂಶೋಧನೆಗೆ ಮಾತ್ರ ಅದೇ ಲೆಕ್ಕ ಬೇಕಿತ್ತು. ನೆಲದಡಿಯ ನೀರು ಎತ್ತಲು ಎಷ್ಟು ವಿದ್ಯುತ್ ಹೋಗುತ್ತದೆ, ಅದರ ಹಿಂದೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಅನ್ನುವುದು. ಹಾಗಾಗಿ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬೋರಿನಿಂದ ಬೋರಿಗೆ ಹೋಗಿ ಅಳೆದೆ.

ಮೊದಲು ನೀರಿನ ಮಟ್ಟ. ಬೋರು ಎಷ್ಟು ಅಡಿ ಕೊರೆಸಿದ್ದಾರೆ ಅನ್ನುವುದು ನನಗೆ ಮುಖ್ಯವಲ್ಲ. ಮೋಟಾರು ಓಡುತ್ತಿರುವಾಗ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೆ, ಅದು ಬೇಕು. ಕೇಸಿಂಗ್ ಪೈಪಿನ ಸಂದಿಯಲ್ಲಿ ಅಳತೆಯ ವೈರು ಇಳಿಸಿದರೆ ನೀರು ಮುಟ್ಟಿದ ತಕ್ಷಣ ಬೀಪ್ ಅನ್ನುತ್ತದೆ. ಕೇಳಲು ಸುಲಭ. ಆದರೆ ಇಲ್ಲಿನ ನೆಲ ಗಟ್ಟಿ ಶಿಲೆ, ನೀರಿರುವುದು ಬಿರುಕುಗಳಲ್ಲಿ. ಮೇಲಿನ ಬಿರುಕಿಂದ ಜಿನುಗುವ ನೀರು ವೈರಿನ ತುದಿಗೆ ತಾಕಿದರೂ ಬೀಪ್ ಬರುತ್ತದೆ. ಬಿಟ್ಟು ಬಿಟ್ಟು ಕೂಗಿದರೆ ಅದು ಜಿನುಗು, ಎಡೆಬಿಡದೆ ಕೂಗಿದರೆ ನಿಜವಾದ ಮಟ್ಟ.

ವೈರು ಮೋಟಾರಿನ ಕೇಬಲ್ಲಿಗೆ ಸುತ್ತಿಕೊಳ್ಳುವ ಭಯವೂ ಇದ್ದೇ ಇದೆ. "ಸಿಕ್ಕಾಕೊಂಡ್ರೆ ಮೋಟ್ರು ಎತ್ತೋಕೆ ದುಡ್ಡು ಯಾರು ಕೊಡ್ತಾರಮ್ಮ?" ಎಂದು ಒಬ್ಬ ಯಜಮಾನರು ಕೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ರಿಪೇರಿಗೆಂದು ಮೋಟಾರು ಎತ್ತಿದ ಕಡೆಯೆಲ್ಲ, ಮತ್ತೆ ಇಳಿಸುವಾಗ ಜೊತೆಗೊಂದು ಅರ್ಧ ಇಂಚಿನ ಪೈಪು ಕಟ್ಟಿಸಿದೆ. ವೈರು ಅದರೊಳಗೆ ಸಲೀಸಾಗಿ ಇಳಿಯುತ್ತದೆ.

ನೀರಿನ ಹರಿವಿಗೆ 200 ಲೀಟರಿನ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಕರೆಂಟಿಗೆ ಸ್ಟಾರ್ಟರ್ ಬಾಕ್ಸಿನಲ್ಲಿ ಮೂರೂ ಫೇಸಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಅಳೆಯಬೇಕು. ದಾಖಲೆಯಲ್ಲಿರುವ ಎಚ್‌ಪಿ ನಂಬಿ ಲೆಕ್ಕ ಹಾಕಬಾರದು. ಕಾಗದದಲ್ಲಿ 10 ಇದ್ದು, ಕೆಳಗೆ ಹನ್ನೆರಡೂವರೆ ಕೂತಿರುತ್ತದೆ. ಕೇಳಿದರೆ ರೈತರು ನಗುತ್ತಾರೆ, ಅಷ್ಟೆ.

ಒಂದು ಬೋರಿನ ಲೆಕ್ಕ ಹೇಳುತ್ತೇನೆ. ಓಡುವಾಗಿನ ಮಟ್ಟ 900 ಅಡಿ, ಅಂದರೆ ಸುಮಾರು 275 ಮೀಟರ್. ಡ್ರಮ್ಮು ತುಂಬಲು ಎರಡು ನಿಮಿಷ, ಗಂಟೆಗೆ 6,000 ಲೀಟರ್. ಮೋಟಾರು ಗಂಟೆಗೆ 11 ಯೂನಿಟ್ ಎಳೆಯುತ್ತಿತ್ತು. ಸಾವಿರ ಲೀಟರಿಗೆ ಹತ್ತಿರ ಹತ್ತಿರ 2 ಯೂನಿಟ್ ಆಯಿತು. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ನಿಜಕ್ಕೂ ಬೇಕಾದದ್ದು ಮುಕ್ಕಾಲು ಯೂನಿಟ್. ಉಳಿದದ್ದು ಪಂಪು, ಪೈಪು, ಕಡಿಮೆ ವೋಲ್ಟೇಜಿನ ಪಾಲು. ನಮ್ಮ ಗ್ರಿಡ್ಡಿನಲ್ಲಿ ಕಲ್ಲಿದ್ದಲೇ ಜಾಸ್ತಿ, ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಟೊಮೆಟೊ ತೋಟದ ಡ್ರಿಪ್ಪಿಗೆ ಬಿಟ್ಟ ಒಂದೊಂದು ಸಾವಿರ ಲೀಟರಿಗೂ ಒಂದು ಕೆಜಿಗಿಂತ ಹೆಚ್ಚು.

ಸೋಲಾರ್ ಪಂಪು ಹಾಕಿದರೆ ಆಯಿತಲ್ಲ ಎನ್ನುತ್ತಾರೆ. ಕಲ್ಲಿದ್ದಲಿನ ಲೆಕ್ಕಕ್ಕೆ ಸರಿ. ನೀರಿನ ಲೆಕ್ಕಕ್ಕೆ ನನಗೆ ಅನುಮಾನ. ಬಿಸಿಲಿರುವಷ್ಟು ಹೊತ್ತೂ ಸುಮ್ನೆ ಓಡಿಸುವುದನ್ನು ಯಾರು ತಡೆಯುತ್ತಾರೆ?

ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯ ಪಕ್ಕದ ಬೋರುಗಳಲ್ಲಿ ಮಟ್ಟ ಮೇಲೆ ಬಂದಿದ್ದನ್ನು ನೋಡಿದೆ. ಕರೆಂಟಿನ ಖರ್ಚು ಅದೇ ಅಳತೆಯಲ್ಲಿ ಇಳಿದಿರಲಿಲ್ಲ. ಕೆಳಗಿರುವುದು ಇನ್ನೂ ಆಳಕ್ಕೆಂದು ಕೊಂಡ ಹಳೇ ಪಂಪೇ. ಮಟ್ಟ ಮೇಲೆ ಬಂದರೆ ಅದು ಬೇಕಾದ್ದಕ್ಕಿಂತ ಜಾಸ್ತಿ ನೀರು ದಬ್ಬುತ್ತದೆ, ರೈತರು ಗೇಟ್ ವಾಲ್ವ್ ಅರ್ಧ ತಿರುಗಿಸಿ ತಡೆಯುತ್ತಾರೆ. ಉಳಿಯಬೇಕಾದ ಕರೆಂಟು ಆ ವಾಲ್ವಿನಲ್ಲೇ ಹೋಗುತ್ತದೆ. ಈಗ ನನ್ನ ನೋಟ್‌ಬುಕ್ಕಿನಲ್ಲಿ ವಾಲ್ವ್ ಎಷ್ಟು ತೆರೆದಿತ್ತು ಅನ್ನುವುದಕ್ಕೂ ಒಂದು ಕಾಲಂ ಇದೆ.